ದರ ಆದೇಶಕ್ಕೆ ಮುನ್ನವೇ ಆಕ್ಷೇಪಣೆ

2023ರ ಮೇ 12ರಂದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಯೂನಿಟ್‌ಗೆ ಸರಾಸರಿ 70 ಪೈಸೆ ದರ ಏರಿಕೆಗೆ ಆದೇಶಿಸಿತು. ಅದನ್ನು ಪ್ರತಿಭಟಿಸಿ ಜೂನ್ 22ರಂದು ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆಯು ಬಂದ್‌ಗೆ ಕರೆ ನೀಡಿತು. ಆದರೆ ಆದೇಶ ಹೊರಡಿಸುವ ಮುನ್ನವೇ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಯೋಗವು ಪರಿಗಣಿಸಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಂ ವಿಧಿಸಿದೆ. ಸಣ್ಣ ಉದ್ಯಮಿಗಳು ಈ ಹಕ್ಕನ್ನು ಬಳಸಿಕೊಳ್ಳುವುದು ಅಗತ್ಯ.

ಮಹದೇವಪುರದ ಘಟಕವೊಂದು ತಿಂಗಳಿಗೆ 5,000 ಯೂನಿಟ್ ಬಳಸುತ್ತದೆಂದು ಭಾವಿಸೋಣ. 70 ಪೈಸೆಯ ಏರಿಕೆಯಿಂದ ಅದಕ್ಕೆ ತಗಲುವ ವಾರ್ಷಿಕ ಹೊರೆ 42,000 ರೂಪಾಯಿ. ಹನ್ನೆರಡು ತಿಂಗಳ ಬಿಲ್ಲುಗಳಲ್ಲಿನ ನಿಗದಿತ ಶುಲ್ಕವನ್ನೂ ಬಳಕೆ ಶುಲ್ಕವನ್ನೂ ಬೇರ್ಪಡಿಸಿ ಬರೆದುಕೊಳ್ಳಿ. ಯಂತ್ರಗಳು ನಿಂತಿದ್ದ ತಿಂಗಳಲ್ಲಿಯೂ ತೆತ್ತ ನಿಗದಿತ ಶುಲ್ಕವನ್ನು ಪ್ರತ್ಯೇಕವಾಗಿ ನಮೂದಿಸಿ. ಬೆಸ್ಕಾಂನ ದರ ಪ್ರಸ್ತಾವ ಪ್ರಕಟವಾದೊಡನೆ, ಗಡುವಿನೊಳಗೆ ಈ ಲೆಕ್ಕವನ್ನು ಆಯೋಗಕ್ಕೆ ಲಿಖಿತವಾಗಿ ಸಲ್ಲಿಸಿ, ವಿಚಾರಣೆಗೂ ಹಾಜರಾಗತಕ್ಕದ್ದು.