ದವಾಖಾನೆಗೆ ಬರುವ ಮುಂಚೆ: ಮಾಡಬೇಕಾದ್ದು, ಮಾಡಬಾರದ್ದು

ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಹಳ್ಳಿಯವರ ಗಮನಕ್ಕೆ. ಉಪಕೇಂದ್ರದ ಗೋಡೆಯ ಮೇಲಿನ ‘ಆಯುಷ್ಮಾನ್ ಆರೋಗ್ಯ ಮಂದಿರ’ ಎಂಬ ಹೆಸರು 2023ರ ಕೊನೆಗೆ ಬಂದದ್ದು; ಯೋಜನೆ 2018ರದು. ಒಳಗೆ ಕೂರುವ ಸಿಎಚ್‌ಓ ಸಿಸ್ಟರ್ ನರ್ಸಿಂಗ್ ಓದಿನ ಜೊತೆ ಸಮುದಾಯ ಆರೋಗ್ಯದ ತರಬೇತಿ ಪಡೆದವರು. ಡಾಕ್ಟರಲ್ಲ. ಅವರಿಂದ ಆಗುವುದು ಬಹಳವಿದೆ, ಆಗದ್ದೂ ಇದೆ.

ಮಾಡಬೇಕಾದ್ದು

ಆಶಾ ಕಾರ್ಯಕರ್ತೆ ಮನೆಗೆ ಬಂದಾಗ 30 ದಾಟಿದ ಎಲ್ಲರ ಹೆಸರನ್ನೂ ಬರೆಸಿ. ಸೊಸೆಯ ಹೆಸರು, ಮುದುಕಿಯ ಹೆಸರು ಬಿಡಬೇಡಿ. ತಂಬಾಕು, ಗುಟ್ಕಾ, ಮಿಶ್ರಿ ಬಗ್ಗೆ ಕೇಳಿದರೆ ನಿಜ ಹೇಳಿ. ಬಾಯಿ ಕ್ಯಾನ್ಸರ್ ತಪಾಸಣೆ ಯಾರಿಗೆ ಮೊದಲು ಬೇಕೆಂದು ತಿಳಿಯುವುದು ಅದರಿಂದಲೇ. 14 ಅಂಕಿಯ ಆಭಾ (ಆರೋಗ್ಯ ಖಾತೆ) ನಂಬರು ಇದ್ದರೆ ತನ್ನಿ. ಇಲ್ಲದಿದ್ದರೂ ಬನ್ನಿ, ಅದು ಕಡ್ಡಾಯವಲ್ಲ.

ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ತನ್ನಿ. ಸೋಲಾಪುರದಲ್ಲಿ ಬರೆಸಿದ್ದು, ಹೈದರಾಬಾದಿನದು, ನಾಟಿ ವೈದ್ಯರ ಪುಡಿ, ಎಲ್ಲವೂ. ‘ಬಿಳಿ ಗುಳಿಗಿ, ಸಣ್ಣದು’ ಅಂದರೆ ಯಾವ ಸಿಸ್ಟರಿಗೂ ತಿಳಿಯದು. ಪಟ್ಟಿಯಿಂದ ಎರಡೆರಡೇ ಕತ್ತರಿಸಿ ತರುವ ರೂಢಿ ಬಿಡಿ: ಔಷಧದ ಹೆಸರು, ಅವಧಿ ಮುಗಿಯುವ ತಾರೀಕು ಬಹಳ ಸಲ ಮನೆಯಲ್ಲುಳಿದ ಆ ತುದಿಯಲ್ಲೇ ಇರುತ್ತವೆ. ಖಾಲಿ ಪಟ್ಟಿಯನ್ನೂ ಎಸೆಯಬೇಡಿ.

ಬಿ.ಪಿ. ನೋಡಿಸುವವರು ಅರ್ಧ ತಾಸು ಮೊದಲಿನಿಂದ ಚಹಾ, ಬೀಡಿ, ತಂಬಾಕು ಮುಟ್ಟಬಾರದು. ಬಿಸಿಲಲ್ಲಿ ನಡೆದು ಬಂದವರು ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂರಬೇಕು. ಆ ದಿನದ ಬಿ.ಪಿ. ಗುಳಿಗೆ ಮಾತ್ರ ತಪ್ಪಿಸಬಾರದು. ‘ಗುಳಿಗಿ ಇಲ್ಲದೇ ಎಷ್ಟದ ನೋಡೋಣ’ ಎಂಬ ಪರೀಕ್ಷೆ ನಮ್ಮ ಕಡೆ ಬಹಳ. ಅದರಿಂದ ಲೆಕ್ಕವೂ ತಪ್ಪುತ್ತದೆ, ಜೀವಕ್ಕೂ ಅಪಾಯ. ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆಗೆ ಎಂಟು ತಾಸಿನ ಉಪವಾಸ, ನೀರು ಕುಡಿಯಬಹುದು. ರಕ್ತ ಕೊಟ್ಟ ಮೇಲೆ ತಿನ್ನಲು ಒಂದು ರೊಟ್ಟಿ ಕಟ್ಟಿಕೊಂಡು ಬನ್ನಿ. ಶುಗರ್ ಗುಳಿಗೆ, ಇನ್ಸುಲಿನ್ ಅದರ ಜೊತೆಗೇ, ಮೊದಲಲ್ಲ.

ಹೆಣ್ಣುಮಕ್ಕಳು ಗರ್ಭಕೋಶದ ಕೊರಳಿನ ತಪಾಸಣೆಗೆ ಮುಟ್ಟಿನ ದಿನ ಬಿಟ್ಟು ಬರಬೇಕು. ಅತ್ತೆಯನ್ನೋ ನೆಗೆಣ್ಣಿಯನ್ನೋ ಜೊತೆಗೆ ಕರೆತರಬಹುದು. ಗಂಡನ ಮುಂದೆ ಹೇಳಲಾಗದ್ದಿದ್ದರೆ ಆತನನ್ನು ಹೊರಗೆ ಕೂರಿಸಿ ಎಂದು ಸಿಸ್ಟರಿಗೆ ಹೇಳಿ.

ಇ-ಸಂಜೀವಿನಿಯಲ್ಲಿ ಡಾಕ್ಟರು ಪರದೆಯ ಮೇಲೆ ಬಂದಾಗ ಮೊದಲ ಮಾತಿಗೇ ಮುಖ್ಯ ತ್ರಾಸು ಹೇಳಿ: ಏನು, ಎಂದಿನಿಂದ. ಮರಾಠಿಯೋ ಉರ್ದುವೋ ನಿಮಗೆ ಸಲೀಸಾದರೆ ಮೊದಲೇ ತಿಳಿಸಿ.

ಮಾಡಬಾರದ್ದು

ಸಲೈನ್ ಹಚ್ಚಿರಿ, ಸೂಜಿ ಮಾಡಿರಿ ಎಂದು ಹಟ ಹಿಡಿಯಬಾರದು. ಕೊಡಲಿಲ್ಲವೆಂದು ಸಂಜೆ ಆರ್‌ಎಂಪಿ ಹತ್ತಿರ ಹೋಗಿ ಚುಚ್ಚಿಸಿಕೊಳ್ಳುವುದು ಇನ್ನೂ ಕೆಟ್ಟದ್ದು.

ಹೊಸದಾಗಿ ಬಿ.ಪಿ. ಹೆಚ್ಚು ಕಂಡವರು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸದೆ, ಗುಳಿಗೆ ಈಗಲೇ ಕೊಡಿ ಎಂದು ಸಿಸ್ಟರ ಮೇಲೆ ಒತ್ತಡ ಹಾಕಬಾರದು. ಡಾಕ್ಟರು ಬರೆದುಕೊಟ್ಟ ಮೇಲೆ ಪ್ರತಿ ತಿಂಗಳ ಗುಳಿಗೆ ಊರಲ್ಲೇ ಸಿಗುತ್ತದೆ.

ಪಕ್ಕದ ಮನೆಯವರ ಗುಳಿಗೆ ನುಂಗಬಾರದು. ಬಿ.ಪಿ. ಸರಿಯಾಯಿತೆಂದು ನಿಮ್ಮದನ್ನು ಬಿಡಲೂಬಾರದು.

ಎದೆನೋವು, ಬಾಯಿ ಸೊಟ್ಟಗಾಗುವುದು, ಬಸುರಿಗೆ ರಕ್ತಸ್ರಾವ, ಹಾವು ಕಡಿತ: ಇವಕ್ಕೆ ಉಪಕೇಂದ್ರದ ಬಾಗಿಲಲ್ಲಿ ಕಾಯಬಾರದು. 108ಕ್ಕೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ. ಹಾವು ಕಡಿದ ಜಾಗ ಕೊಯ್ಯಬಾರದು, ಹಗ್ಗ ಬಿಗಿಯಬಾರದು, ಮಂತ್ರ ಹಾಕಿಸಲು ನಿಲ್ಲಬಾರದು.

ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುವವರು ಹೇಳದೆ ಹೊರಡಬಾರದು. ವಾರ ಮೊದಲು ಬಂದು ದಾರಿಯ ಗುಳಿಗೆ ಕೇಳಿ, ಚೀಟಿಯ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಲ್ಲಿನ ದವಾಖಾನೆಯಲ್ಲಿ ಮೊದಲು ಅದನ್ನೇ ತೋರಿಸಿ.