ನಮ್ಮ ನಾಲೆಯ ನೀರು ಹೊರಡುವ ಗುಡ್ಡ

"ಕಾಮರ್ಸ್ ಓದೋನಿಗೆ ಗುಡ್ಡ ಹತ್ತಿದರೆ ಏನು ಸಿಗುತ್ತೆ?" ಎಂದು ಅಮ್ಮಿ ಕೇಳಿದ್ದರು. ಕಳಸದ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ನಮ್ಮ ಮಾಮು ದಸರಾ ರಜೆಗೆ ಕರೆದಿದ್ದರು. ಹಾಗಾಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ನೋಡುವ ಅವಕಾಶ ಸಿಕ್ಕಿತು.

ಬಾಳೆಗಲ್‌ನಿಂದ ಜೀಪಿನಲ್ಲಿ ಮುಳ್ಳೋಡಿಗೆ ಹೋಗಿ, ಅರಣ್ಯ ಇಲಾಖೆಯ ಗೈಡ್ ಜೊತೆ ಬೆಳಿಗ್ಗೆಯೇ ನಡೆಯಲು ಶುರು ಮಾಡಿದೆವು. ಹೋಗಿ ಬರಲು ಸುಮಾರು 20 ಕಿಲೋಮೀಟರ್. ಶಿಖರದ ಎತ್ತರ ಸುಮಾರು 1,890 ಮೀಟರ್. ನೀರಮಾನ್ವಿಯ ಬಂಡೆಗಲ್ಲು ಹತ್ತಿದ ಧೈರ್ಯ ಒಂಟಿಮರ ದಾಟುವಷ್ಟರಲ್ಲಿ ಮುಗಿಯಿತು. ಕಾಲಿಗೆ ಇಂಬಳ ಬೇರೆ!

ದಾರಿಯಲ್ಲಿ ಹಳ್ಳಗಳನ್ನು ದಾಟುತ್ತಲೇ ಇದ್ದೆವು. ಮಳೆ ನಿಂತು ದಿನಗಳಾಗಿದ್ದರೂ ಹಳ್ಳ ಹರಿಯುತ್ತಿತ್ತು. ನಮ್ಮ ಕಡೆ ಮಳೆ ಬಂದ ಮರುದಿನವೇ ಹಳ್ಳ ಒಣಗುತ್ತದೆ. ಇಲ್ಲಿ ಹೇಗೆ ಎಂದು ಕೇಳಿದೆ. ಗೈಡ್ ಅಣ್ಣ ಗುಡ್ಡದ ಕಡೆ ಕೈ ತೋರಿಸಿದರು. ಮೇಲೆಲ್ಲ ಹುಲ್ಲು, ಗುಡ್ಡದ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. ಅದಕ್ಕೆ ಶೋಲಾ ಎನ್ನುತ್ತಾರೆ. ಹುಲ್ಲು ಮತ್ತು ಕಾಡಿನ ಮಣ್ಣು ಮಳೆಗಾಲದ ನೀರನ್ನು ಹೀರಿಕೊಂಡು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ನಾವು ದಾಟಿದ ಹಳ್ಳದ ನೀರು ಹೋಗುವುದು ಭದ್ರೆಗೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ನೇತ್ರಾವತಿ ಮಂಗಳೂರಿನ ಸಮುದ್ರಕ್ಕೆ ಹೋಗುತ್ತಾಳೆ. ತುಂಗೆ ಭದ್ರೆ ಕೂಡಲಿಯಲ್ಲಿ ಸೇರಿ, ಹೊಸಪೇಟೆ ಡ್ಯಾಂನಲ್ಲಿ ನಿಂತು, ಎಡದಂಡೆ ನಾಲೆಯಲ್ಲಿ ನಮ್ಮ ಮಾನ್ವಿ ತಾಲ್ಲೂಕಿಗೆ ಬರುತ್ತಾರೆ. ನಾವಿರುವುದು ಆ ನಾಲೆಯ ಕೊನೆಭಾಗದಲ್ಲಿ. ಒಂದು ವರ್ಷ ನೀರು ಕೊನೆತನಕ ಬರದೆ ಚಾಚಾ ಲೀಜಿಗೆ ಹಾಕಿದ್ದ ನೆಲ್ಲು ಒಣಗಿತು. ಆ ಸಾಲ ತೀರಿಸಲು ಎರಡು ವರ್ಷ ಬೇಕಾಯಿತು.

ಈಗ ನಮ್ಮ ಪಾಠಕ್ಕೆ ಬರೋಣ. 1976ರಲ್ಲಿ ಸ್ಥಾಪನೆಯಾದ ಕಂಪನಿ ಇಲ್ಲಿ ಕಬ್ಬಿಣದ ಅದಿರು ತೆಗೆದು, ಕೊಳವೆಯಲ್ಲಿ ಮಂಗಳೂರಿಗೆ ಕಳಿಸುತ್ತಿತ್ತು. 1987ರಲ್ಲಿ ಇದು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಯಂತ್ರದ ಸವಕಳಿಯನ್ನು ಕಂಪನಿಗಳು ಖರ್ಚಿಗೆ ಬರೆಯುತ್ತವೆ. ಗುಡ್ಡ ಅಗೆದಾಗ ಹೊಳೆಗೆ ಇಳಿಯುವ ಮಣ್ಣು ಯಾರ ಖರ್ಚು? ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಈಗ ಸುಮಾರು 105. ಆ ಹೂಳೆಲ್ಲ ಕುದುರೆಮುಖದ್ದಲ್ಲ, ನಡುವೆ ಭದ್ರಾ ಡ್ಯಾಂ ಇದೆ. ಆದರೂ ಇದೂ ಸವಕಳಿಯೇ ಅಲ್ಲವೇ? ಇದನ್ನು ಕೊನೆಗೆ ಕಟ್ಟುವವರು ನಾಲೆಯ ಕೊನೆಯಲ್ಲಿರುವವರು. ಹಾಗೆಂದು ಗಣಿ ನಿಂತಾಗ ಯಾರಿಗೂ ನಷ್ಟವಾಗಲಿಲ್ಲ ಎನ್ನಲಾರೆ. ಟೌನ್‌ಶಿಪ್‌ನ ಖಾಲಿ ಮನೆಗಳನ್ನು ಬಸ್ಸಿನಿಂದ ನೋಡಿದೆ.

ಊರಿಗೆ ಬಂದು ಚಾಚಾಗೆ ಹಳ್ಳದ ಫೋಟೋ ತೋರಿಸಿದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಇದು ಇಲ್ಲಿಗೆ ಬರೋಕೆ ಎಷ್ಟು ದಿನ ಬೇಕು ಬೇಟಾ?"

"ಎರಡು ಡ್ಯಾಂ ದಾಟಿ ಬರಬೇಕು ಚಾಚಾ" ಎಂದೆ.

"ಮಾರ್ಚ್‌ವರೆಗೂ ಬಂದರೆ ಸಾಕು" ಎಂದು ಫೋನು ವಾಪಸ್ ಕೊಟ್ಟರು.