ಗಾಲಿ ನಟ್ಟಿನ ಮಾತು

ತಮ್ಮಾ, ಕಬ್ಬಿನ ಹಂಗಾಮು ಶುರುವಾಯಿತು. ನಾಳೆಯಿಂದ ಎರಡು ಟ್ರೇಲರ್ ಕಟ್ಟಿಕೊಂಡು ಮುಧೋಳದ ರಸ್ತೆಗೆ ಇಳಿಯುತ್ತೀ. ಎಂಜಿನ್ ಆಯಿಲ್, ಹಿಚ್ ಪಿನ್ನು ಎಲ್ಲ ನೋಡಿಕೊಳ್ಳುತ್ತೀ, ಗೊತ್ತು. ಗಾಲಿಯ ನಟ್ಟಿನ ವಿಷಯ ಮಾತ್ರ ಹೇಳಲೇಬೇಕು.

ನಿನ್ನ ವಯಸ್ಸಿನಲ್ಲಿ ನಾನು ಒಂದು ರಾತ್ರಿ ಪಂಕ್ಚರ್ ಆದ ಗಾಲಿ ಬದಲಿಸಿ, ವೀಲ್ ಪಾನದ ಮೇಲೆ ಹತ್ತಿ ನಿಂತು ಒತ್ತಿ, ಬಿಗಿಯಾಯಿತೆಂದು ಹೊರಟೆ. ಮತ್ತೆ ಮುಟ್ಟಿ ನೋಡಲಿಲ್ಲ. ನಸುಕಿನಲ್ಲಿ ಇಳಿಜಾರು ಬಂದಾಗ ಆ ಗಾಲಿ ಕಳಚಿ, ಟ್ರ್ಯಾಕ್ಟರನ್ನೂ ದಾಟಿ ಮುಂದೆ ಓಡಿತು. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಹುಡುಗನಿಗೆ ಗೇಣಷ್ಟರಲ್ಲಿ ತಪ್ಪಿತು. ಅವನ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ.

ಬಿಗಿದಾಗ ಬೋಲ್ಟು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ್ದು ಸ್ಪ್ರಿಂಗಿನಂತೆ ಮರಳಿ ಎಳೆಯುವುದರಿಂದಲೇ ಡಿಸ್ಕು ಹಬ್ಬಿಗೆ ಅಂಟಿ ನಿಲ್ಲುತ್ತದೆ. ನಡುವೆ ಮಣ್ಣು, ತುಕ್ಕು, ದಪ್ಪ ಬಣ್ಣ ಉಳಿದರೆ ಅದು ನಾಲ್ಕಾರು ಮೈಲಿಯಲ್ಲಿ ಪುಡಿಯಾಗಿ ಬಿಗಿ ಸಡಿಲುತ್ತದೆ. ಆದ್ದರಿಂದ ಮೊದಲು ತಂತಿ ಬ್ರಷ್ಷಿನಿಂದ ಎರಡೂ ಮುಖ ಉಜ್ಜು. ಕಂಪನಿಯ ಪುಸ್ತಕ ಹೇಳದ ಹೊರತು ಎಳೆಗೆ ಎಣ್ಣೆ, ಗ್ರೀಸು ಹಚ್ಚಬೇಡ. ಜಾರಿಕೆಯಲ್ಲಿ ಅಳತೆ ಮೀರಿ ಬಿಗಿದು ಬೋಲ್ಟೇ ಮುರಿಯುತ್ತದೆ. ನಟ್ಟಿನ ಇಳಿಜಾರು ಮುಖ ಡಿಸ್ಕಿನ ಕಡೆಗಿರಲಿ.

ಎಲ್ಲ ನಟ್ಟನ್ನೂ ಮೊದಲು ಕೈಯಲ್ಲೇ ಹತ್ತಿಸು. ಆಮೇಲೆ ಒಂದನ್ನು ಬಿಗಿದರೆ ಅದರ ಎದುರಿನದು, ಹೀಗೆ ಅಡ್ಡಡ್ಡ ಹೋಗು. ಸಾಲಾಗಿ ಸುತ್ತಿದರೆ ಡಿಸ್ಕು ಓರೆಯಾಗಿ ಕೂರುತ್ತದೆ. ಒಂದೇ ಏಟಿಗೆ ಪೂರ್ತಿ ಬೇಡ, ಮೂರು ಸುತ್ತು ಮಾಡು. ಕೊನೆಯ ಸುತ್ತಿಗೆ ಜಾಕ್ ಇಳಿಸಿ, ಗಾಲಿ ನೆಲಕ್ಕೆ ತಾಗಿರುವಾಗ ಟಾರ್ಕ್ ಪಾನ ಹಿಡಿದು ಪುಸ್ತಕದಲ್ಲಿರುವ ಅಳತೆಗೆ ನಿಲ್ಲಿಸು. ಪಾನಕ್ಕೆ ಪೈಪು ತೂರಿಸಿ ಜೋತು ಬೀಳುವುದನ್ನು ಶೂರತನವೆನ್ನುವವರ ಮಾತು ಕೇಳಬೇಡ.

ಗಾಲಿ ಬಿಚ್ಚಿ ಹಾಕಿದ ಮೇಲೆ 15, 40, 80 ಕಿಲೋಮೀಟರಿಗೆ ನಿಂತು ಮತ್ತೆ ಅಳತೆ ನೋಡು. ಕಾರ್ಖಾನೆಯ ಸಾಲಿನಲ್ಲಿ ಗಂಟೆಗಟ್ಟಲೆ ಕಾಯುವಾಗ ಒಂದು ಸುತ್ತು ಹಾಕಿ ಬಾ. ನಟ್ಟಿನ ಬುಡದಿಂದ ತುಕ್ಕಿನ ಗೆರೆ ಇಳಿದಿದ್ದರೆ ಅಲ್ಲಿ ಅಲುಗಾಟವಿದೆ ಎಂದೇ ತಿಳಿ. ಡಿಸ್ಕಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಆ ಡಿಸ್ಕು ಗುಜರಿಗೆ. ಒಂದು ಬೋಲ್ಟು ಮುರಿದಿದ್ದರೆ ಅಕ್ಕಪಕ್ಕದವೂ ದಣಿದಿರುತ್ತವೆ, ಅವನ್ನೂ ಬದಲಿಸು. ಖರ್ಚು ನಾನು ಕೊಡುತ್ತೇನೆ.

ಬ್ರಷ್ಷು, ಟಾರ್ಕ್ ಪಾನ ಎರಡನ್ನೂ ಸೀಟಿನ ಕೆಳಗಿನ ಚೀಲದಲ್ಲಿಟ್ಟಿದ್ದೇನೆ.